ಅರಗಿನ ತಟ್ಟೆ

ಭದ್ರಾವತಿಯ ಹಳೇನಗರ, ಸೈಕಲ್ ಶಾಪಿನ ಮಗ್ಗುಲಿಗೆ
ಖಲಂದರ್ ಸಾಬರ ರಿಪೇರಿ ಅಂಗಡಿ.
ಆರು ವರ್ಷ ಅಲ್ಲಿ ನನಗೆ ಒಂದೇ ಕೆಲಸ:
ತಟ್ಟೆ ಒರೆಸುವುದು.
ಅಂಟುವಾಳದ ನೀರು, ಹಳೇ ಪಂಚೆಯ ತುಂಡು.
ಗೆರೆಯ ಜಾಡಿನಲ್ಲೇ ಸುತ್ತಬೇಕು; ಅಡ್ಡ ಎಳೆದರೆ
ತಲೆಗೊಂದು ಮೊಟಕು.
"ಹಾಡಿದವಳ ಕೆನ್ನೆ ಅಂತ ತಿಳಕೊಳ್ಳೋ."

ಕಾರ್ಖಾನೆಯ ಬಂಗಲೆ ಹರಾಜಾದ ವರ್ಷ
ಒಂದು ಪೆಟ್ಟಿಗೆ ಬಂತು. ಯಾವ ಕಾಲದಲ್ಲೋ
ಯಾವ ಅಮೆರಿಕದ ಇಂಜಿನಿಯರೋ ಬಿಟ್ಟುಹೋದದ್ದು.
ಹದಿನೇಳು ತಟ್ಟೆ, ನಾಲ್ಕು ಒಡೆದಿದ್ದವು.
ಒಂದರ ನಡುವಿನ ಕಾಗದ ಗೆದ್ದಲಿಗೆ ಹೋಗಿತ್ತು.
ಸಾಬರು ಕೀ ಕೊಟ್ಟು ಮುಳ್ಳು ಇಟ್ಟರು.
ಮೊದಲು ಎಣ್ಣೆಯಲ್ಲಿ ಏನೋ ಕರಿಯುವ ಸದ್ದು.
ಆಮೇಲೆ ಒಬ್ಬ ಹೆಂಗಸು.

ಅವಳ ಭಾಷೆ ನಮ್ಮಿಬ್ಬರಿಗೂ ಬಾರದು.
ಒಂದೇ ಸಾಲನ್ನು ಎರಡು ಸಲ ಹೇಳಿ
ಮೂರನೆಯದಕ್ಕೆ ತಡೆದು, ನುಂಗಿ,
ಬೇರೇನನ್ನೋ ಹೇಳುವಳು.
ಸಾಲ ಕೇಳಲು ಬಂದವರು
ಮಾತಾಡುವುದೇ ಹಾಗೆ.

ಶಿವಮೊಗ್ಗದಿಂದ ಪಟ್ಟಾಭಿ ಮೇಷ್ಟ್ರು ಬಂದರು, ನೋಟ್‌ಬುಕ್ಕಿನ ಸಮೇತ.
"ಇದಕ್ಕೆ ಬ್ಲೂಸ್ ಅಂತಾರೆ. ಕಪ್ಪು ಜನರ ಹಾಡು.
ತಟ್ಟೆಗೆ ಮೊದಲು ಹಾಡಿದ್ದು ಯಾರು ಅಂತ
ದೊಡ್ಡ ತಕರಾರಿದೆ.
ಇಂಥವಳಿಗಿಂತ ಮೊದಲು ಬಿಳಿಯರು ಯಾರೋ
ಇಂಥವಳ ಗಂಟಲನ್ನೇ ಕಡ ತಂದು ಹಾಡಿದ್ದರಂತೆ."
ಸಾಬರು ಮುಳ್ಳು ಬದಲಾಯಿಸುತ್ತ ಕೇಳಿದರು:
"ಕಡ ತಂದದ್ದು ವಾಪಸು ಕೊಟ್ಟರೇನು?"
ಮೇಷ್ಟ್ರು ಅದನ್ನು ಬರೆದುಕೊಳ್ಳಲಿಲ್ಲ.

ನಮ್ಮದೂ ಒಂದಿತ್ತು. ಅವರು ಬಂದದ್ದೂ ಅದಕ್ಕೇ.
ನಾಟಕ ಕಂಪನಿಯ ಪದ್ಮಾಸನಿ ಮದರಾಸಿಗೆ ಹೋಗಿ
ಕಹಳೆಯ ಬಾಯಿಗೆ ಮುಖ ಕೊಟ್ಟು ಹಾಡಿದ್ದು.
ಕೊನೆಯಲ್ಲಿ, ಆಗಿನ ರೂಢಿಯಂತೆ, ಕೂಗಿದ್ದಾಳೆ:
"ನಾನು ಶಿವಮೊಗ್ಗದ ಪದ್ಮಾಸನಿ!"
ಆದರೂ ಅಚ್ಚಿನಲ್ಲಿ ಒಂದು ದೀರ್ಘ
ಒಂದಕ್ಷರ ಮುಂದೆ ಜರುಗಿ ಪದ್ಮಸಾನಿ ಆಗಿದ್ದಾಳೆ.
ಊರು ನಕ್ಕಿತಂತೆ. ಅವಳು ಇನ್ನೊಂದು ತಟ್ಟೆಗೆ
ಹಾಡಲೇ ಇಲ್ಲವಂತೆ.

"ಇದ್ದಿಲ ಪದ. ಮೊದಲು ಹಾಡಿದವಳು ಇವಳೇ,"
ಬರೆದು, ಅಡಿಗೆರೆ ಎಳೆದರು ಮೇಷ್ಟ್ರು.

ಬಾಗಿಲಲ್ಲಿ ಬೇಯಿಸಿದ ಕಡಲೆಕಾಯಿ ಮಾರುವ ತಿಪ್ಪಕ್ಕ
ಸೇರನ್ನು ಕೆಳಗಿಟ್ಟಳು.
"ನಮ್ಮವ್ವಂದು ಅದು. ಒಂದು ನುಡಿ ತಿಂದವಳೆ."

ತಿಂದವಳು ಅವಳಲ್ಲ, ತಟ್ಟೆ.
ಮೂರು ನಿಮಿಷಕ್ಕೆ ಅರಗು ಮುಗಿಯುತ್ತದೆ,
ಹೆಸರು ಕೂಗುವುದಕ್ಕೂ ಅದರಲ್ಲೇ ಜಾಗ.
ಕುಲುಮೆಗೆ ಇದ್ದಿಲು ಸುಡುತ್ತಿದ್ದ ಕಾಲ;
ಕಾಡಿನ ಗೂಡುಗಳ ಸುತ್ತ ಕೂತು ಹೆಂಗಸರು
ಬೆಳತನಕ ಹಾಡುತ್ತಿದ್ದರಂತೆ.
ನಿದ್ದೆ ಹೋದರೆ ಗೂಡು ಬಾಯಿಬಿಡುತ್ತದೆ, ಎಲ್ಲ ಬೂದಿ.
ಪದ್ಮಾಸನಿ ಅಲ್ಲಿಗೆ ಹೋಗಿದ್ದಳೋ,
ಬಣ್ಣದ ಕೋಣೆಗೆ ಯಾರಾದರೂ ತಂದುಕೊಟ್ಟರೋ,
ತಿಪ್ಪಕ್ಕನಿಗೆ ತಿಳಿಯದು. ನುಡಿ ಮಾತ್ರ ಹೇಳಿದಳು.
ಹಾಡಲಿಲ್ಲ, ಲೆಕ್ಕ ಒಪ್ಪಿಸುವ ಹಾಗೆ ಹೇಳಿದಳು:

  ಇದ್ದಿಲ ಸುಟ್ಟೇನು, ಇದ್ದಿಲ ಹೊತ್ತೇನು,
  ಇದ್ದಿಲಿನ ಕಣ್ಣ ಊದೇನು, ತಾಯಮ್ಮ,
  ಬೂದಿಗೆ ಹೆಸರ ಇಟ್ಟೋರ್ಯಾರು

"ನಿಮ್ಮವ್ವನ ಹೆಸರು?" ಪೆನ್ನು ಎದ್ದಿತು.
"ದ್ಯಾವೀರಿ. ಅವಳಿಗೆ ಅವಳತ್ತೆ ಕಲಿಸಿದ್ದು.
ಅತ್ತೆ ಹೆಸರು ನಾ ಕೇಳಿಲ್ಲ ಸ್ವಾಮಿ."

ನನಗೆ ಅರಗಿನ ಮನೆ ನೆನಪಾಯಿತು.
ಸುರಂಗದಿಂದ ಪಾರಾದ ಆರು ಜನರ ಹೆಸರು
ಎಳೆ ಮಕ್ಕಳಿಗೂ ಗೊತ್ತು.
ಒಳಗೆ ಉಂಡು ಮಲಗಿದ್ದ ಬೇಡರ ಹೆಂಗಸು, ಅವಳ ಐವರು ಮಕ್ಕಳು
ಬೆಳಿಗ್ಗೆ ಬೂದಿಯಲ್ಲಿ
ಲೆಕ್ಕಕ್ಕೆ ಮಾತ್ರ ಸಿಕ್ಕರು.

ಮೇಷ್ಟ್ರು 'ಮೊದಲು' ಎಂಬುದರ ಪಕ್ಕ
ಸಣ್ಣದೊಂದು ಪ್ರಶ್ನೆ ಚಿಹ್ನೆ ಹಾಕಿ,
ಅರ್ಧ ಸೇರು ಕಡಲೆಕಾಯಿ ಕೊಂಡು
ಐದೂಕಾಲರ ಬಸ್ಸಿಗೆ ಹೋದರು.

ಸಾಬರಿಲ್ಲ ಈಗ. ಗೆದ್ದಲು ತಿಂದ ತಟ್ಟೆ ನನ್ನಲ್ಲಿದೆ.
ಹಾಡು ಮುಗಿದ ಮೇಲೂ ಮುಳ್ಳು ಎತ್ತುವುದಿಲ್ಲ ನಾನು.
ಒಳಗೆರೆಯಲ್ಲಿ ಸುತ್ತುತ್ತದೆ, ಎಣ್ಣೆ ಕುದಿಯುತ್ತದೆ.
ಇವಳೂ ಈಗ ಕೂಗಿಯಾಳು, ಊರು, ಹೆಸರು,
ಎಂದು ಕಿವಿಗೊಟ್ಟು ಕೂತಿರುತ್ತೇನೆ
ಕೀ ಇಳಿಯುವವರೆಗೆ.